ಹೆತ್ತ ಮಗು, ಸಾಕಿದ ಮಗು

ಬೆಲ್ಜಿಯಂ ದೇಶದ ಲಿಂಬರ್ಗ್ ಪ್ರಾಂತ್ಯದ ರಾಜಧಾನಿ ಹಾಸೆಲ್ಟ್ ದೊಡ್ಡ ನಗರವೇನೂ ಅಲ್ಲ. ಹಿಂದೆ ಕೋಟೆಗೋಡೆಯಿದ್ದ ಜಾಗದಲ್ಲಿ ಇಂದು ಸಾಲುಮರಗಳ ವರ್ತುಲ ಬೀದಿಯೊಂದು ಹಳೆಯ ಪೇಟೆಯನ್ನು ಬಳಸಿಕೊಂಡಿದೆ. ನಡುವೆ ಸಂತ ಕ್ವಿಂಟಿನಸರ ಇಗರ್ಜಿ. ಅದರ ಗೋಪುರದಲ್ಲಿ ಹಾಡು ನುಡಿಸುವ ಗಂಟೆಗಳ ಸಾಲು. ಪ್ರವಾಸಿಗಳನ್ನು ಹೆಚ್ಚಾಗಿ ಸೆಳೆಯುವುದು ಜೂನಿಪರ್ ಕಾಯಿಯ ಪರಿಮಳದ ಮದ್ಯಕ್ಕೆಂದೇ ಮೀಸಲಾದ ವಸ್ತುಸಂಗ್ರಹಾಲಯ. ಆದರೆ ಸಂಗೀತಪ್ರಿಯರು ಈ ಊರನ್ನು ನೆನೆಯಬೇಕಾದ ಕಾರಣ ಬೇರೆಯೇ ಉಂಟು.

ಪೇಟೆಯ ಹೊರಗೆ ಫಿಲಿಪ್ಸ್ ಸಂಸ್ಥೆಯ ಕಾರ್ಖಾನೆಯಿತ್ತು. 1960ರ ದಶಕದ ಆದಿಯಲ್ಲಿ ಅಲ್ಲಿ ಹೊಸ ಯಂತ್ರಗಳನ್ನು ರೂಪಿಸುವ ಹೊಣೆ ಹೊತ್ತಿದ್ದವರು ಡಚ್ ಎಂಜಿನಿಯರ್ ಲೂ ಒಟ್ಟೆನ್ಸ್. ದೊಡ್ಡ ಸುರುಳಿಯ ಟೇಪನ್ನು ಯಂತ್ರಕ್ಕೆ ಪೋಣಿಸುವ ತೊಡಕಿಗೆ ಬೇಸತ್ತಿದ್ದ ಅವರು, ಕೋಟಿನ ಜೇಬಿಗೆ ಹಿಡಿಸುವ ಮರದ ತುಂಡೊಂದನ್ನು ಮಾಡಿಕೊಂಡು, ಹೊಸ ಸಾಧನದ ಅಳತೆಗೆ ಅದನ್ನೇ ಮಾದರಿಯಾಗಿಟ್ಟರು. ಆ ತುಂಡು ಮುಂದೆ ಪಂಕ್ಚರಾದ ಕಾರಿನ ಜಾಕಿಗೆ ಆಸರೆಯಾಗಿ ಕಳೆದುಹೋಯಿತು. ಅದರಿಂದ ಹುಟ್ಟಿದ ಕ್ಯಾಸೆಟ್ಟು ಮಾತ್ರ 1963ರ ಆಗಸ್ಟಿನಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಕಾಣಿಸಿಕೊಂಡು ಲೋಕವನ್ನೆಲ್ಲ ಸುತ್ತಿತು.

ಕ್ಯಾಸೆಟ್ಟು ಹಾಸೆಲ್ಟಿನ ಹೆತ್ತ ಮಗುವಾದರೆ, ಸಿ.ಡಿ. ಸಾಕಿದ ಮಗು. ಅದು ಐಂಡ್‌ಹೋವೆನ್ನಿನ ಪ್ರಯೋಗಶಾಲೆಯಲ್ಲಿ ಮೊಳೆತು, ಜಪಾನಿನ ಸೋನಿ ಸಂಸ್ಥೆಯ ಸಹಯೋಗದಿಂದ 1982ರಲ್ಲಿ ಮಾರುಕಟ್ಟೆಗೆ ಬಂದಿತು. ಅದನ್ನು ನುಡಿಸುವ ಯಂತ್ರಗಳು ಈ ಊರಿನಲ್ಲಿಯೂ ತಯಾರಾದವು. ಫಿಲಿಪ್ಸ್ ಮೊದಲು ರೂಪಿಸಿದ ಬಿಲ್ಲೆಯ ವ್ಯಾಸ 11.5 ಸೆಂಟಿಮೀಟರು, ಅಂದರೆ ಕ್ಯಾಸೆಟ್ಟಿನ ಮೂಲೆಯಿಂದ ಮೂಲೆಗಿರುವ ಅಳತೆ! ಕೊನೆಗೆ ಅದು 12 ಆಯಿತು.

ಈ ಎರಡು ಮಕ್ಕಳು ಕೂಡಿದ್ದು ಗೃಹಸ್ಥರ ನಡುಮನೆಯಲ್ಲಿ. ಸಿ.ಡಿ. ಯಂತ್ರ ಮನೆಯಲ್ಲಿ ಒಂದೇ. ಕಾರಿನಲ್ಲಿ, ಮಕ್ಕಳ ಕೈಯಲ್ಲಿ ಇದ್ದುದು ಕ್ಯಾಸೆಟ್ಟು. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹಾಡು ಇಳಿಸುವುದು ಸಂಜೆಯ ಕೆಲಸವಾಯಿತು. ಟೇಪಿನ ತುದಿಯಲ್ಲಿರುವ, ಧ್ವನಿ ಹಿಡಿಯದ ಪಟ್ಟಿಯನ್ನು ಪೆನ್ಸಿಲಿನಿಂದ ಸುತ್ತಿ ದಾಟಿಸಬೇಕು. ಹಾಡಿನ ಅತ್ಯುಚ್ಚ ಭಾಗವನ್ನು ಮೊದಲೇ ಕೇಳಿ ಮಟ್ಟ ಹೊಂದಿಸಬೇಕು. ಹೆಚ್ಚಾದರೆ ದನಿ ಒಡೆಯುತ್ತದೆ, ಕಡಿಮೆಯಾದರೆ ಟೇಪಿನ ‘ಸುಯ್’ ಸದ್ದು ಸಂಗೀತವನ್ನು ಮುಸುಕುತ್ತದೆ. 74 ನಿಮಿಷಗಳ ಸಂಗೀತವನ್ನು 45 ನಿಮಿಷಗಳ ಎರಡು ಮಗ್ಗುಲುಗಳಿಗೆ, ಹಾಡು ನಡುವೆ ತುಂಡಾಗದಂತೆ ಹಂಚಬೇಕು. ಕಡೆಗೆ, ಯಾರೂ ಅಳಿಸದಂತೆ ಹಿಂಬದಿಯ ಎರಡು ಪುಟ್ಟ ಚೂರುಗಳನ್ನು ಮುರಿಯಬೇಕು. ಒಂದು ಗಂಟೆಯ ಸಂಗೀತ ಇಳಿಯಲು ಒಂದು ಗಂಟೆಯೇ ಬೇಕು. ಇಳಿಸುವವನು ಅಷ್ಟನ್ನೂ ಕೇಳುತ್ತಿದ್ದನು.

ಮನೆಯ ಈ ಪ್ರತಿಗಳು ಸಂಗೀತಕ್ಕೆ ಮೃತ್ಯುವೆಂದು ಬ್ರಿಟನ್ನಿನ ಧ್ವನಿಮುದ್ರಣ ಉದ್ಯಮ 1981ರಲ್ಲಿಯೇ ಕೂಗೆಬ್ಬಿಸಿತ್ತು. ಬೆಲ್ಜಿಯಂ ನಡುದಾರಿ ಹಿಡಿಯಿತು: 1994ರ ಶಾಸನವು ಮನೆಬಳಕೆಯ ಪ್ರತಿಗೆ ಒಪ್ಪಿಗೆ ಕೊಟ್ಟು, ಕೃತಿಕಾರರಿಗೂ ಕಲಾವಿದರಿಗೂ ಪ್ರತಿಫಲ ಸಲ್ಲುವ ಏರ್ಪಾಡು ಮಾಡಿತು.

ಇಂದು ಕಾರ್ಖಾನೆಯಿದ್ದ ನೆಲದಲ್ಲಿ ಕೋರ್ಡಾ ಕ್ಯಾಂಪಸ್ ಎಂಬ ಕಂಪ್ಯೂಟರ್ ಉದ್ಯಮಗಳ ನೆಲೆಯಿದೆ. ಒಟ್ಟೆನ್ಸ್ 2021ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈಗ ನೂರು ಹಾಡುಗಳು ಕ್ಷಣಮಾತ್ರದಲ್ಲಿ ಕೈಸೇರುತ್ತವೆ. ಕೇಳುವ ಆ ಗಂಟೆಯನ್ನು ಮಾತ್ರ ಮನೆಯವರೇ ಹುಡುಕಿಕೊಳ್ಳಬೇಕಾಗಿದೆ. ಹಾಸೆಲ್ಟಿನ ಇಗರ್ಜಿಯ ಗಂಟೆಗಳು ಹಾಡತೊಡಗಿದಾಗ ಚೌಕದಲ್ಲಿ ನಿಂತ ಪ್ರವಾಸಿಯು, ಅಷ್ಟು ಹೊತ್ತಾದರೂ ಅವಸರವಿಲ್ಲದೆ ಕೇಳಬಹುದು.