ಬೆಲೆಚೀಟಿಯ ಕೆಳಗಿದ್ದ ಬೆಲೆ

ಲಾಭವಿಲ್ಲದೆ ವ್ಯಾಪಾರ ನಡೆಯುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಅಂಗಡಿಯ ಬಾಡಿಗೆ, ವಿದ್ಯುತ್ತಿನ ಖರ್ಚು, ಕೆಲಸದವರ ಸಂಬಳ, ಮನೆಯ ಒಲೆ ಇವೆಲ್ಲವೂ ಆ ಲಾಭದಿಂದಲೇ ನಡೆಯಬೇಕು. ನಮ್ಮ ಶರಣರಲ್ಲಿಯೂ ಹಗ್ಗ ಹೊಸೆದು ಮಾರಿದವರಿದ್ದರು, ಬುಟ್ಟಿ ಹೆಣೆದು ಮಾರಿದವರಿದ್ದರು. ಮಾರಾಟವನ್ನು ಅವರು ಕೀಳೆಂದು ಎಣಿಸಲಿಲ್ಲ. ಆದರೆ ಕೊಳ್ಳುವವರ ಅರಿಯದಿಕೆಯನ್ನೂ ಅಂಜಿಕೆಯನ್ನೂ ತೂಕದ ಕಲ್ಲಾಗಿ ಮಾಡಿಕೊಂಡು ಬೆಲೆ ಕಟ್ಟಿದರೆ ಅದನ್ನು ಲಾಭವೆನ್ನಲು ಬಾರದು. ಈಚೆಗೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ನಮ್ಮ ತಮ್ಮನದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅವನ ಮಗಳು ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿದ್ದಾಳೆ. ಒಣಮೆಣಸಿನಕಾಯಿ ಮಾರಿದ ಹಣದಲ್ಲಿ ಅವನು ಮಗಳ ಖರ್ಚಿಗೆಂದು ತಿಂಗಳು ತಿಂಗಳು ಇಷ್ಟು ಕಳಿಸುತ್ತಾನೆ. ಈ ಸಲ ಅವಳ ಅಭ್ಯಾಸದ ವಿಷಯ ಚಿತ್ರದೆಲೆಗಳು. ಮೈಸೂರಿನ ಗಂಜೀಫಾ ಎಲೆಗಳನ್ನೂ ಪಾಶ್ಚಾತ್ಯರ ಟ್ಯಾರೋ ಎಲೆಗಳನ್ನೂ ಹೋಲಿಸಿ ನೋಡಬೇಕಾಗಿತ್ತು. ಹರಳು, ಊದುಬತ್ತಿ, ಅದೃಷ್ಟದ ಬಳೆ ಮುಂತಾದವನ್ನು ಮಾರುವ ಒಂದು ಅಂಗಡಿಯಲ್ಲಿ ಅವಳು ಟ್ಯಾರೋ ಎಲೆಗಳ ಒಂದು ಪೆಟ್ಟಿಗೆಯನ್ನು ಕೊಂಡಳು. ಬೆಲೆ 2,400 ರೂಪಾಯಿ. ಅದರ ಮೇಲೆ ಎಲೆಗಳ 'ಶುದ್ಧಿ'ಗೆಂದು 300 ರೂಪಾಯಿ. ಅಂಗಡಿಯವರು ಪೆಟ್ಟಿಗೆಯ ಸುತ್ತ ಗಂಧದ ಹೊಗೆಯಾಡಿಸಿ ಕೊಟ್ಟರಂತೆ. ರಸೀದಿಯೆಂದು ಕೊಟ್ಟದ್ದು ಮೊತ್ತ ಮಾತ್ರ ಬರೆದ ಒಂದು ಕಾಗದದ ಚೂರು.

ಮನೆಗೆ ಬಂದ ಮೇಲೆ ಪೆಟ್ಟಿಗೆಗೆ ಅಂಟಿಸಿದ್ದ ಬೆಲೆಚೀಟಿಯ ಅಂಚು ಎದ್ದಿತು. ಅದರ ಕೆಳಗೆ ಅಚ್ಚಾಗಿದ್ದ ಗರಿಷ್ಠ ಮಾರಾಟ ಬೆಲೆ 900 ರೂಪಾಯಿ. ಮಗು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅಪ್ಪನಿಗೆ ಏನು ಹೇಳುವುದೆಂಬುದೇ ಅವಳ ಚಿಂತೆ. ಕೊನೆಗೆ ನಾವೇ ತಮ್ಮನಿಗೆ ಫೋನಿನಲ್ಲಿ ತಿಳಿಸಿದೆವು. ಅವನು ಮಗಳ ಮೇಲೆ ಸಿಟ್ಟಾಗಲಿಲ್ಲ. "ಹೋಗಲಿ ಬಿಡಣ್ಣಾ, ಪರಸ್ಥಳ. ಹುಡುಗಿ ದಿನಾ ಅದೇ ದಾರಿಯಲ್ಲಿ ಓಡಾಡಬೇಕು" ಎಂದ. ಮಾರುಕಟ್ಟೆಯಲ್ಲಿ ಚೀಲಕ್ಕೆ ಹತ್ತು ರೂಪಾಯಿ ಹೆಚ್ಚು ಕಡಿಮೆಯಾದರೂ ನಿಂತು ಕೇಳುವ ರೈತನು ಮಗಳ ಪ್ರಶ್ನೆ ಬಂದಾಗ ಹೀಗೆಂದನು. ಅವನ ಅಂಜಿಕೆ ನಮಗೆ ಅರ್ಥವಾಯಿತು. ಆದರೆ ಅನ್ಯಾಯವಾದಾಗ ಸುಮ್ಮನಿರಬೇಕೆಂಬ ಪಾಠವನ್ನು ಮಗುವಿಗೆ ನಮ್ಮ ಮನೆಯೇ ಕಲಿಸಿದಂತಾಗುವುದಲ್ಲ ಎಂಬುದು ನಮ್ಮ ಮನಸ್ಸನ್ನು ಕೊರೆಯಿತು.

ಅಷ್ಟರಲ್ಲಿ ಅವಳೇ ಓದಿ ತಿಳಿದ ಸಂಗತಿಗಳನ್ನು ನಮಗೆ ಹೇಳಿದಳು. ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ. ಅದು ಮೊದಲಿಗೆ ಭವಿಷ್ಯ ಹೇಳುವ ಸಾಧನವಾಗಿರಲಿಲ್ಲ. ಮನೆಮಂದಿ ಕೂತು ಆಡುವ ಎಲೆಯಾಟವಾಗಿತ್ತು. ಮಿಲಾನಿನ ಅರಸುಮನೆತನಗಳಿಗಾಗಿ ಬಂಗಾರದ ರೇಕು ಹಚ್ಚಿ ಕೈಯಿಂದ ಬರೆದ ಎಲೆಗಳು ಇಂದಿಗೂ ಉಳಿದಿವೆ. ಅದಾಗಿ ಮೂರು ನೂರು ವರ್ಷಗಳ ಮೇಲೆ, 1781ರಲ್ಲಿ, ಪ್ಯಾರಿಸಿನ ಕೂರ್ ದ ಜೆಬೆಲಾಂ ಎಂಬ ಪಂಡಿತನು ಇದು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನದ ಗ್ರಂಥವೆಂದು ಬರೆದನು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರೇ ಇರಲಿಲ್ಲ. ಷಾಂಪೋಲಿಯೋ ಅದನ್ನು ಬಿಡಿಸಿದ್ದು 1822ರಲ್ಲಿ. ಆಧಾರವಿಲ್ಲದ ಆ ಮಾತೇ ಬೆಳೆದು ಇಂದು ಅಂಗಡಿಗಳಲ್ಲಿ ಬೆಲೆಯನ್ನು ಏರಿಸುತ್ತಿದೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೂ ಗಂಜೀಫಾದ ಹಲವು ಆಟಗಳನ್ನು ಕಲ್ಪಿಸಿದವರು. ದೇವತೆಗಳ ಚಿತ್ರವಿದ್ದರೂ ಅವು ಆಟದ ಎಲೆಗಳೇ.

ಇಂದು ಲೋಕದಲ್ಲೆಲ್ಲ ಹೆಚ್ಚು ಪ್ರಚಾರದಲ್ಲಿರುವುದು 1909ರಲ್ಲಿ ಲಂಡನ್ನಿನ ರೈಡರ್ ಸಂಸ್ಥೆ ಪ್ರಕಟಿಸಿದ 78 ಎಲೆಗಳ ಕಟ್ಟು. ಅದರ ಯೋಜನೆ ಎ. ಇ. ವೇಟ್ ಎಂಬವರದು. ಚಿತ್ರಗಳನ್ನೆಲ್ಲ ಬರೆದವರು ಪಮೇಲಾ ಕೋಲ್‌ಮನ್ ಸ್ಮಿತ್ ಎಂಬ ಕಲಾವಿದೆ. ಆಕೆಗೆ ದೊರೆತ ಸಂಭಾವನೆ ಅಲ್ಪ. 1951ರಲ್ಲಿ ಆಕೆ ಬಡತನದಲ್ಲಿಯೇ ತೀರಿಕೊಂಡರು. ನಮ್ಮ ದೇಶದ ಕಾನೂನಿನಂತೆ ಕಲಾವಿದರು ತೀರಿದ 60 ವರ್ಷಗಳಿಗೆ ಕೃತಿಸ್ವಾಮ್ಯ ಮುಗಿಯುವುದರಿಂದ ಇಲ್ಲಿ ಆ ಚಿತ್ರಗಳಿಗೆ ಯಾರೂ ಗೌರವಧನ ತೆರಬೇಕಾಗಿಲ್ಲ. ಕಾಗದ, ಅಚ್ಚು, ಪೆಟ್ಟಿಗೆ ಇವಿಷ್ಟೇ ವೆಚ್ಚ. ಇದನ್ನು ಹೇಳುವಾಗ ಮಗುವಿನ ಕಣ್ಣು ತೇವವಾಗಿತ್ತು. "ದೊಡ್ಡಪ್ಪಾ, ಬರೆದವಳಿಗೆ ಏನೂ ಸಿಗಲಿಲ್ಲ. ಹೊಗೆ ಹಾಕಿದವರಿಗೆ ಮುನ್ನೂರು ಸಿಕ್ಕಿತು" ಎಂದಳು. ಕಾಯಕದ ವಿಚಾರವಾಗಿ ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇವೆ. ಈ ಎರಡು ಮಾತು ನಮ್ಮ ಮನಸ್ಸಿನಲ್ಲಿ ನಿಂತಂತೆ ಅವುಗಳಲ್ಲಿ ಕೆಲವೇ ನಿಂತಿವೆ.

ಮರುದಿನ ಅವಳೊಡನೆ ಅಂಗಡಿಗೆ ಹೋದೆವು. ಅಂಗಡಿಯವರು ವಿನಯದಿಂದಲೇ ಮಾತನಾಡಿದರು. "ಇದು ವಿದೇಶದ ಮಾಲು ಸಾರ್. ಸುಂಕ, ಸಾಗಣೆ ಎಲ್ಲ ಸೇರಿದೆ" ಎಂದರು. ಪೆಟ್ಟಿಗೆಯ ಮೇಲೆ ಭಾರತದಲ್ಲಿಯೇ ಮುದ್ರಿತವೆಂದು ಇರುವುದನ್ನು ತೋರಿಸಿದೆವು. ಆಗ ಅವರ ಧಾಟಿ ಬದಲಾಯಿತು. "ಇಂಥ ವಸ್ತುವಿಗೆ ಚೌಕಾಸಿ ಮಾಡಬಾರದು. ಮಾಡಿದರೆ ಮನೆಗೆ ಒಳ್ಳೆಯದಾಗುವುದಿಲ್ಲ" ಎಂದರು. ಪಕ್ಕದಲ್ಲಿ ಹರಳಿನ ಉಂಗುರ ಹಿಡಿದು ನಿಂತಿದ್ದ ನಡುವಯಸ್ಸಿನ ತಾಯಿಯೊಬ್ಬರು ಈ ಮಾತಿಗೆ ಬೆಚ್ಚಿ ನಮ್ಮತ್ತ ನೋಡಿದರು. ಮಗಳ ಮದುವೆ ಕೂಡಿಬರಲೆಂದು ಬಂದವರು ಅವರು. ಬೆಲೆಯ ಮೇಲೆ ಏರಿಸಿದ ಹಣಕ್ಕಿಂತ ಈ ಮಾತೇ ನಮಗೆ ಹೆಚ್ಚು ನೋವುಂಟುಮಾಡಿತು. ಕಷ್ಟದಲ್ಲಿರುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಸುಲಭವಾದ ಉಪಾಯ ಬೇರಿಲ್ಲ.

ನಾವು ಉತ್ತರಿಸುವ ಮೊದಲೇ ಹುಡುಗಿ ಹೇಳಿದಳು: "ನಾನು ಭವಿಷ್ಯ ನೋಡಲು ಕೊಂಡಿಲ್ಲ, ಚಿತ್ರ ನೋಡಲು ಕೊಂಡಿದ್ದೇನೆ. ಅಚ್ಚಾದ ಬೆಲೆ ನಿಮ್ಮದು. ಉಳಿದದ್ದು ನನ್ನ ಅಪ್ಪನದು, ಕೊಡಿ." ಅವಳ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ವಾದ ನಡೆದ ಮೇಲೆ ಅವರು 1,500 ರೂಪಾಯಿಗಳನ್ನು ಎಣಿಸಿ ಮೇಜಿನ ಮೇಲಿಟ್ಟರು. ಶುದ್ಧಿಯ 300 ರೂಪಾಯಿಯನ್ನು ಕೊಡಲಿಲ್ಲ. ಅದರ ಬಗೆಗೆ ಗ್ರಾಹಕರ ಸಹಾಯವಾಣಿಗೆ ದೂರು ಬರೆಸಿದ್ದೇವೆ, ಇನ್ನೂ ಇತ್ಯರ್ಥವಾಗಿಲ್ಲ. ಆ ತಾಯಿ ಉಂಗುರವನ್ನು ಕೊಂಡರೋ ಬಿಟ್ಟರೋ ತಿಳಿಯದು.

ನಮ್ಮ ಮನೆಗಳಲ್ಲಿ ಎಲ್ಲರೂ, ವಿಶೇಷವಾಗಿ ಊರು ಬಿಟ್ಟು ಓದುವ ಮಕ್ಕಳು, ಅರಿತಿರಬೇಕಾದ ಕೆಲವು ಮಾತುಗಳಿವೆ. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ ಅಚ್ಚಾಗಿರಬೇಕು. ವಿದೇಶದಿಂದ ಬಂದ ಮಾಲಾದರೆ ತರಿಸಿದವರ ಹೆಸರು, ವಿಳಾಸ ಮತ್ತು ಮೂಲದೇಶ ಇರಬೇಕು. ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮಾರುವುದೂ, ಆ ಬೆಲೆಯನ್ನು ಅಳಿಸುವುದೂ ತಿದ್ದುವುದೂ ಅಪರಾಧ. ಬೆಲೆ ಇಳಿಸುವುದಕ್ಕೆ ಮಾತ್ರ ಚೀಟಿ ಅಂಟಿಸಬಹುದು. ಆಗಲೂ ಹಳೆಯ ಬೆಲೆ ಮುಚ್ಚಿಹೋಗಬಾರದು. ಇಂಥ ದೂರನ್ನು ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಬಹುದು, ಇಲ್ಲವೆ 1915 ಸಂಖ್ಯೆಗೆ ಫೋನು ಮಾಡಬಹುದು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಬದಲಿಗೆ ಬಂದ 2019ರ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೂ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಅಲ್ಲಿ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಇದಕ್ಕೆಲ್ಲ ಮುಖ್ಯ ಆಧಾರ ರಸೀದಿ. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಕೊಳ್ಳುವವರಿಗೆ ಇಷ್ಟು ಹೇಳಿದ ಮೇಲೆ ಮಾರುವವರಿಗೂ ಒಂದು ಮಾತು ಸಲ್ಲಬೇಕು. ಏಕೆಂದರೆ ನಮ್ಮ ಸಮಾಜದಲ್ಲಿ ಅಂಗಡಿಯನ್ನೇ ನಂಬಿ ಬದುಕಿದ ಮನೆತನಗಳು ಬಹಳ. ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಮಕ್ಕಳೂ ಬಲ್ಲರು. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳಿಸಿದ ತಾಯಿ ಆಕೆ. ಆ ಅಕ್ಕಿಯನ್ನು ಯಾರೂ ಕೇಳಿಕೊಂಡು ಬಂದಿರಲಿಲ್ಲ, ಯಾವ ಕಾನೂನೂ ಅವರನ್ನು ತಡೆದಿರಲಿಲ್ಲ. ತಮ್ಮ ದುಡಿಮೆಗೆ ಸಂದದ್ದೆಷ್ಟು ಎಂಬ ಅಳತೆ ಅವರ ಮನೆಯೊಳಗೇ ಇತ್ತು. ಆ ಅಳತೆ ನಮ್ಮ ಅಂಗಡಿಗಳ ಗಲ್ಲೆಪೆಟ್ಟಿಗೆಯ ಬಳಿಯೂ ಇದ್ದರೆ, ಹಳ್ಳಿಯಿಂದ ಬಂದ ಯಾವ ಮಗುವೂ ಅಪ್ಪನಿಗೆ ಲೆಕ್ಕ ಹೇಳಲು ಅಂಜಬೇಕಾಗುವುದಿಲ್ಲ.