ಬೇಡವೆಂಬ ಮಾತು

ನಮ್ಮ ಕಡೆ ‘ಬೇಡ’ ಎಂಬ ಮಾತಿಗೆ ಎಷ್ಟು ಅರ್ಥಗಳಿವೆಯೋ ಬಲ್ಲವರಾರು? ಮನೆಗೆ ಬಂದ ನಂಟರು ಕಾಫಿ ಬೇಡವೆಂದರೆ ‘ಇನ್ನೊಂದು ಸಲ ಕೇಳಿ’ ಎಂದು ಅರ್ಥ. ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ಬೇಡವೆಂದರೆ ‘ಒಂದೇ ಸೌಟು ಸಾಕು’ ಎಂದು ಅರ್ಥ. ಈ ಸೂಕ್ಷ್ಮ ತಿಳಿಯದವನು ಸಂಸಾರ ಮಾಡಲಾರ. ಆದರೆ ಯಂತ್ರದೊಳಗೂ ಒಂದು ಭಾಗ ಇನ್ನೊಂದಕ್ಕೆ ‘ಬೇಡ’ ಎನ್ನುವುದುಂಟು, ಅದನ್ನು ತಪ್ಪು ತಿಳಿದು ಯಂತ್ರವೇ ಕಾದು ಕೆಂಡವಾಗುವುದುಂಟು ಎಂದು ನನಗೆ ಗೊತ್ತಾದದ್ದು 2011ರ ಬೇಸಗೆಯಲ್ಲಿ, ಮೈಸೂರಿನ ಅಕ್ಕನ ಮನೆಯಲ್ಲಿ.

ಅಕ್ಕನಿಗೆ ಆಗ 78 ವರ್ಷ. ನಮ್ಮ ವಂಶದ ಮದುವೆಯ ಹಾಡುಗಳೆಲ್ಲ ಅವಳೊಬ್ಬಳ ಬಾಯಲ್ಲಿ ಉಳಿದಿದ್ದವು. ಅವನ್ನು ಮುದ್ರಿಸಿಕೊಳ್ಳೋಣವೆಂದು ನನ್ನ ಹಳೆಯ ಲ್ಯಾಪ್‌ಟಾಪನ್ನು ಹೊತ್ತುಕೊಂಡು ಹೋದೆ. ಎಂಜಿನಿಯರಿಂಗ್ ಓದುತ್ತಿದ್ದ ಅವಳ ಮೊಮ್ಮಗ ಅದಕ್ಕೆ ಆಗತಾನೆ ಬಂದ ಹೊಸ ಲಿನಕ್ಸನ್ನು ಹಾಕಿಕೊಟ್ಟ. ಅಕ್ಕನಿಗೂ ಆ ಯಂತ್ರದ ಮೇಲೆ ಮಮತೆ. ಹಲಗೆ ಒತ್ತೀತೆಂದು ಅದರ ಕೆಳಗೆ ಕಂಬಳಿಯನ್ನು ಮಡಿಸಿ ಹಾಸಿದಳು.

ಮೂರನೆಯ ದಿನ ಮಧ್ಯಾಹ್ನ ಹಸೆಗೆ ಕರೆಯುವ ಹಾಡು ನಡೆದಿತ್ತು. ಅರ್ಧಕ್ಕೆ ಬಂದಿರಬಹುದು, ಯಂತ್ರ ಕಣ್ಣು ಮುಚ್ಚಿತು. ಮುಟ್ಟಿದರೆ ದೋಸೆಯ ಕಾವಲಿ! ಹಾಡಿದಷ್ಟೂ ಹೋಗಿತ್ತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಡ ಬಿಡೋ ಆ ಹಾಡು” ಎಂದಳು. ನಾನು ಪಟ್ಟಿಯಲ್ಲಿ ಅದರ ಮೇಲೆ ಒಂದು ಗೆರೆ ಎಳೆದೆ.

ಕಂಬಳಿ ಗಾಳಿಯ ಕಂಡಿಗಳನ್ನು ಮುಚ್ಚಿತ್ತೆಂಬುದು ಮೊದಲು ಹೊಳೆಯಿತು, ಅದನ್ನು ತೆಗೆದೆವು. ರಿಪೇರಿ ಅಂಗಡಿಯವನು ಫ್ಯಾನಿನಿಂದ ಒಂದು ಹಿಡಿ ಧೂಳು ತೆಗೆದು, “ಹೊಸದು ತಗೊಳ್ಳಿ ಸಾರ್” ಎಂದು ಹಿತವಚನ ಹೇಳಿದ. ಆಮೇಲೆ ಯಂತ್ರ ಆರಿಹೋಗಲಿಲ್ಲ, ನಿಜ. ಆದರೆ ಸುಮ್ಮನೆ ಕುಳಿತಿದ್ದಾಗಲೂ ಬಿಸಿ. ಲಿನಕ್ಸಿನಲ್ಲಿ ಶಾಖದ ಲೆಕ್ಕ ಒಂದು ಪುಟ್ಟ ಕಡತದಲ್ಲಿ ಸಿಗುತ್ತದೆ, ಡಿಗ್ರಿಯ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. 68000 ಎಂಬ ಅಂಕಿಯನ್ನು ಕಂಡು ನಾನು ಹೌಹಾರಿದೆ. ಹುಡುಗ ನಕ್ಕು, “68 ಡಿಗ್ರಿ ಅಷ್ಟೆ ತಾತ, ಆದರೆ ಅದೂ ಜಾಸ್ತಿಯೇ” ಎಂದ. ಫ್ಯಾನು ಎಡೆಬಿಡದೆ ಮೊರೆಯುತ್ತಿತ್ತು. ಮುದ್ರಿಸಿದ್ದನ್ನು ಕೇಳಿದರೆ ಅಕ್ಕನ ದನಿಗಿಂತ ಫ್ಯಾನಿನ ದನಿಯೇ ಮುಂದು.

ಹುಡುಗ ಎರಡು ರಾತ್ರಿ ಕುಳಿತ. ಯಂತ್ರ ಏಳುವಾಗ ತಾನು ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುತ್ತದಂತೆ. ಆ ದಿನಚರಿಯಲ್ಲಿ ಒಂದು ಸಾಲು ಸಿಕ್ಕಿತು. ಅವನು ತಿಳಿಸಿ ಹೇಳಿದ್ದರ ಸಾರ ಇಷ್ಟು. ತಯಾರಿಸಿದವರೇ ಯಂತ್ರದೊಳಗೆ ಬರೆದಿಟ್ಟ ಮೂಲ ವಿಧಿ ಫರ್ಮ್‌ವೇರ್. ಅದು ಮನೆಯ ಅತ್ತೆ. ಆಮೇಲೆ ಬಂದು ಆಡಳಿತ ವಹಿಸಿಕೊಳ್ಳುವ ಕರ್ನೆಲ್ ಸೊಸೆ. ವಿದ್ಯುತ್ತು, ಶಾಖಗಳ ವಿಷಯದಲ್ಲಿ ಇವರಿಬ್ಬರೂ ಮಾತಾಡಿಕೊಳ್ಳಲು ಎಸಿಪಿಐ ಎಂಬ ಭಾಷೆಯನ್ನು ಇಂಟೆಲ್, ಮೈಕ್ರೋಸಾಫ್ಟ್, ತೊಷಿಬಾ ಸೇರಿ 1996ರಲ್ಲಿ ಪ್ರಕಟಿಸಿದವು. ಶಾಖ ಇಂಥ ಮಿತಿ ದಾಟಿದರೆ ಬಾಗಿಲು ಹಾಕು ಎಂದು ಅತ್ತೆ ಹೇಳಿಡುವುದೂ ಅದರಲ್ಲೇ. ಒಳಗಿನ ಕಾರ್ಡುಗಳಿಗೂ ಪ್ರೊಸೆಸರಿಗೂ ನಡುವೆ ಇರುವ ತಂತುಗಳು ಕೆಲಸವಿಲ್ಲದಾಗ ತೂಕಡಿಸಿದರೆ ವಿದ್ಯುತ್ತು ಉಳಿಯುತ್ತದೆ. ಈ ಏರ್ಪಾಡಿಗೆ ಎಎಸ್‌ಪಿಎಂ ಎಂದು ಹೆಸರು. ಅತ್ತೆ ಹಲವು ತಂತುಗಳಿಗೆ ಈ ಏರ್ಪಾಡನ್ನು ತಾನೇ ಮಾಡಿಟ್ಟು, ಸೊಸೆಗೆ ‘ಎಎಸ್‌ಪಿಎಂ ಬೇಡ’ ಎಂದು ಚೀಟಿ ಬರೆದಿದ್ದಳು. ‘ನೀನು ಕೈಹಾಕಬೇಡ’ ಎಂದು ಅವಳ ಇಂಗಿತ. 2011ರ ಮಾರ್ಚಿಯಲ್ಲಿ ಬಂದ 2.6.38ರ ಕರ್ನೆಲ್ ಮಹಾ ವಿಧೇಯ ಸೊಸೆ. ಬೇಡವೆಂದ ಮೇಲೆ ಬೇಡವೇ ಸರಿ ಎಂದು, ಅತ್ತೆ ಮಲಗಿಸಿದ್ದವನ್ನೂ ಎಬ್ಬಿಸಿ ಕೂರಿಸಿದಳು. ತಂತುಗಳಿಗೆ ಹಗಲಿರುಳೂ ಜಾಗರಣೆ, ನಮಗೆ ಕಾವು.

ಔಷಧಿ ಒಂದೇ ಒಂದು ಮಾತು. ಯಂತ್ರ ಏಳುವಾಗ ಕರ್ನೆಲ್ಲಿಗೆ ‘ಪಿಸಿಐಇ ಎಎಸ್‌ಪಿಎಂ ಫೋರ್ಸ್’ ಎಂದು ಆಣತಿ ಕೊಡುವುದು. ಇದರಿಂದ ಕೆಲವು ಯಂತ್ರಗಳು ಸ್ತಬ್ಧವಾಗಬಹುದೆಂದು ಕರ್ನೆಲ್ಲಿನ ಕೈಪಿಡಿಯೇ ಎಚ್ಚರಿಸುತ್ತದೆ. ಹುಡುಗ ನನ್ನ ಒಪ್ಪಿಗೆ ಕೇಳಿಯೇ ಬರೆದ. ನಮ್ಮದು ಬದುಕಿತು. ಸಂಜೆಗೆ ಕಡತದಲ್ಲಿ 57000. ಫ್ಯಾನು ಮೌನ ತಾಳಿತು. ಇದು ನಮ್ಮೊಬ್ಬರ ಗೋಳಲ್ಲ, ಲೋಕದಲ್ಲಿ ಎಷ್ಟೋ ಜನ ಆ ವರ್ಷ ಇದೇ ಗೋಳು ಪಟ್ಟಿದ್ದರು. ಲಿನಕ್ಸಿನ ಒಳಬರಹ ಯಾರು ಬೇಕಾದರೂ ಓದಬಹುದಾದದ್ದು, ತಿದ್ದಬಹುದಾದದ್ದು. ಮ್ಯಾಥ್ಯೂ ಗ್ಯಾರೆಟ್ ಎಂಬವರು ವಿಂಡೋಸ್ ಇಂಥ ಚೀಟಿಯನ್ನು ಹೇಗೆ ತಿಳಿದುಕೊಳ್ಳುತ್ತದೆಂದು ವಿಚಾರಿಸಿ, ‘ಬೇಡವೆಂದರೆ ಇದ್ದದ್ದನ್ನು ಇದ್ದಂತೆಯೇ ಬಿಡು ಎಂದರ್ಥ’ ಎಂದು ತಿದ್ದಿದರು. 2012ರ ಮಾರ್ಚಿಯಲ್ಲಿ ಬಂದ 3.3ರ ಕರ್ನೆಲ್ಲಿನಲ್ಲಿ ಆ ತಿದ್ದುಪಡಿ ಸೇರಿತು.

ಆ ಬೇಸಗೆ ಮುಗಿಯುವುದರೊಳಗೆ 31 ಹಾಡುಗಳನ್ನು ಮುದ್ರಿಸಿಕೊಂಡೆವು. ಅಕ್ಕನ ದನಿ ಸ್ವಚ್ಛವಾಗಿದೆ. ನಡುವೆ ಅವಳು ಕೆಮ್ಮಿದ್ದೂ, ಹಾಲಿನವನು ಕೂಗಿದ್ದೂ ಕೇಳುತ್ತದೆ. ಗೆರೆ ಎಳೆದ ಹಾಡನ್ನು ಮಾತ್ರ ನಾನು ಮತ್ತೆ ಕೇಳಲಿಲ್ಲ. ಬೇಡವೆಂದಿದ್ದಳಲ್ಲ!

2013ರಲ್ಲಿ ಅಕ್ಕ ತೀರಿಕೊಂಡಳು. ಹದಿಮೂರನೆಯ ದಿನ ಊಟಕ್ಕೆ ಬಡಿಸುತ್ತ ಅವಳ ಸೊಸೆ ಹೇಳಿದಳು: “ಆ ಹಸೆ ಹಾಡಿನ ಒಂದು ನುಡಿ ಅವತ್ತು ಅತ್ತೆಗೆ ಮರೆತುಹೋಗಿತ್ತು, ಮಾವ. ಆಮೇಲೆ ದೇವರ ಮುಂದೆ ಕೂತು ಜ್ಞಾಪಿಸಿಕೊಂಡರು. ನೀವು ಕೇಳಿದರೆ ಹೇಳೋಣ ಅಂತ ಇದ್ದರು.”

ಎಲೆಗೆ ಇನ್ನೊಂದು ಸೌಟು ಬಡಿಸಲು ಬಂದಳು. ನಾನು ಬೇಡವೆಂದೆ. ಅವಳು ಬಡಿಸಿಯೇ ಹೋದಳು.