ರಾಗಿಗೊಬ್ಬ ಮೇಷ್ಟ್ರು

ರಾಗಿ ನನಗೆ ಸಿಕ್ಕಿದ್ದು ಗುಬ್ಬಿಯಲ್ಲಿ. ಗುಬ್ಬಿ ವೀರಣ್ಣನವರ ಕಂಪನಿ ನಾಟಕಗಳ ಮೇಲೆ ನನ್ನ ಪಿಎಚ್.ಡಿ. ಆ ನಾಟಕಗಳನ್ನು ನೋಡಿದ್ದ ಹಿರಿಯರೊಬ್ಬರನ್ನು ಮಾತಾಡಿಸಿ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದಾಗ ಚರಂಡಿ ಪಕ್ಕ ಒಂದು ಮರಿ ಕುಂಯ್‌ಗುಡುತ್ತಿತ್ತು. ರಾಗಿಹಿಟ್ಟಿನ ಬಣ್ಣ. ಟಿಪ್ಪಣಿ ಪುಸ್ತಕದ ಜೊತೆ ಅದೂ ಬ್ಯಾಗಿನಲ್ಲಿ ಕೂತು ತುಮಕೂರಿಗೆ ಬಂತು.

ನಾಲ್ಕು ತಿಂಗಳಾಗುವಷ್ಟರಲ್ಲಿ ರಾಗಿ ಕೈಗೆ ಸಿಗದಂತಾಯಿತು. ಒಂದು ಸಂಜೆ ಓನರ್ ಆಂಟಿಯ ಮೊಮ್ಮಗಳ ಮೇಲೆ ಹಾರಿ ಫ್ರಾಕು ಹರಿಯಿತು. ಪುಣ್ಯಕ್ಕೆ ಹಲ್ಲು ತಾಗಿರಲಿಲ್ಲ. ‘ಇನ್ನೊಂದ್ ತಿಂಗ್ಳು ನೋಡ್ತೀನಿ ಕಣಮ್ಮ. ಆಮೇಲೆ ನಾಯಿನೋ ಮನೆನೋ ನೀನೇ ತೀರ್ಮಾನ ಮಾಡು’ ಅಂದರು ಆಂಟಿ.

ಆ ರಾತ್ರಿ ಸಿಟ್ಟಿನಲ್ಲಿ ಪೇಪರು ಸುರುಳಿ ಸುತ್ತಿ ರಾಗಿಗೆ ಬಾರಿಸಿದೆ. ಅದು ನೆಲಕ್ಕೆ ಅಂಟಿಕೊಂಡು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ನನಗೆ ಮೂರನೇ ಕ್ಲಾಸಿನ ಸ್ಟೀಲ್ ಸ್ಕೇಲು ನೆನಪಾಯಿತು. ಹದಿಮೂರರ ಮಗ್ಗಿಗೆ ಬಿದ್ದ ಏಟು ಅದು. ಈಗಲೂ ‘ಹದಿಮೂರೆಂಟ್ಲಿ’ ಅಂದರೆ ನನ್ನ ಬಾಯಿ ಒಣಗುತ್ತದೆ, ಉತ್ತರ ಹೊಳೆಯುವುದಿಲ್ಲ.

ಮಾರನೇ ದಿನವೇ ತರಬೇತಿ ಕ್ಲಾಸು ಹುಡುಕಲು ಹೊರಟೆ. ಊರ ಹೊರಗಿನ ಒಂದು ಕಡೆ ಬಹಳ ಅಚ್ಚುಕಟ್ಟಾಗಿತ್ತು. ‘ಹದಿನೈದು ದಿನ ಇಲ್ಲೇ ಬಿಟ್ಟು ಹೋಗಿ ಮೇಡಂ. ಹೇಳಿದ್ದು ಕೇಳೋ ಹಾಗೆ ಮಾಡಿ ಕೊಡ್ತೀವಿ’ ಅಂದರು. ಅಂಗಳದಲ್ಲಿ ಒಂದು ಜರ್ಮನ್ ಶೆಫರ್ಡ್ ಕಲ್ಲಿನ ನಂದಿಯ ಹಾಗೆ ಕೂತಿತ್ತು. ಮೂರು ತಿಂಗಳಿಂದ ಬರದಿದ್ದ ಫೆಲೋಶಿಪ್ಪು ಆಗಷ್ಟೇ ಬಂದಿತ್ತು. ಮರುಮಾತಾಡದೆ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಆ ಭಾನುವಾರ ಕುಣಿಗಲ್ಲಿನ ದೊಡ್ಡಪ್ಪನ ಮನೆಗೆ ಹೋಗಬೇಕಿತ್ತು. ಹೈದರ್, ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರು ಅದು. ದೊಡ್ಡಪ್ಪ ಅಲ್ಲಿನ ಸ್ಟಡ್ ಫಾರ್ಮಿನಲ್ಲಿ ಕುದುರೆ ಮೈ ತಿಕ್ಕುತ್ತಲೇ ಮುದುಕರಾದವರು. ಕಲ್ಲಿನ ಹಾಗೆ ಕೂತ ನಾಯಿಯ ಕಥೆಯನ್ನು ಅವರಿಗೆ ಉತ್ಸಾಹದಿಂದ ಹೇಳಿದೆ.

‘ಕಲಿಸೋನ್ನ ನೋಡ್ಬೇಡ ಮಗ’ ಅಂದರು ದೊಡ್ಡಪ್ಪ. ‘ಅವ್ನು ಹತ್ರ ಬಂದಾಗ ಪ್ರಾಣಿ ಕಿವಿ ನೋಡು. ಹೆದರಿ ನಿಂತಿರೋ ಕುದ್ರೆ, ಕಲ್ತು ನಿಂತಿರೋ ಕುದ್ರೆ, ಎರಡೂ ದೂರಕ್ಕೆ ಒಂದೇ ಥರ ಕಾಣ್ತವೆ.’

ವಾಪಸು ಬರುವಾಗ ಬಸ್ಸಿನಲ್ಲಿ ಇದೇ ಮಾತು ಕೊರೆಯುತ್ತಿತ್ತು. ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದದ್ದನ್ನು ನನ್ನ ಪ್ರಬಂಧದಲ್ಲಿ ಹಲವು ಸಲ ಬರೆದಿದ್ದೇನೆ. ಬರೆದದ್ದೆಲ್ಲ ಪ್ರೇಕ್ಷಕರ ಬೆರಗನ್ನು. ಅಷ್ಟು ದೀಪ, ಅಷ್ಟು ಸದ್ದಿನ ನಡುವೆ ಆ ಆನೆ ಯಾರ ಮೇಲಿನ ನಂಬಿಕೆಯಿಂದ, ಅಥವಾ ಯಾರ ಭಯದಿಂದ ನಿಂತಿತ್ತು ಎಂದು ಕೇಳಿಕೊಂಡೇ ಇರಲಿಲ್ಲ.

ಸೋಮವಾರ ಮತ್ತೆ ಆ ಅಂಗಳಕ್ಕೆ ಹೋದೆ. ಈ ಸಲ ಶೆಫರ್ಡ್‌ನ ಕಿವಿ ನೋಡಿದೆ. ತರಬೇತುದಾರ ಹತ್ತಿರ ಬಂದ ತಕ್ಷಣ ಎರಡೂ ಕಿವಿ ತಲೆಗೆ ಅಂಟಿದವು. ಬಾಲ ಹೊಟ್ಟೆಯಡಿಗೆ ಹೋಯಿತು. ತಿನ್ನಲು ಏನೂ ಇಲ್ಲದಿದ್ದರೂ ನಾಲಗೆ ತುಟಿ ಸವರುತ್ತಿತ್ತು. ಕತ್ತಿನಲ್ಲಿ, ಎಳೆದರೆ ಬಿಗಿಯುವ ಸರಪಣಿ. ಅಡ್ವಾನ್ಸ್ ವಾಪಸು ಸಿಗಲಿಲ್ಲ. ಹಾಳಾಗಲಿ ಎಂದು ಬಂದೆ.

ರಾಗಿಗೆ ಲಸಿಕೆ ಹಾಕುವ ಡಾಕ್ಟರು ಇನ್ನೊಂದು ಕ್ಲಾಸಿನ ವಿಷಯ ಹೇಳಿದರು. ಭಾನುವಾರ ಬೆಳಗ್ಗೆ ಖಾಲಿ ಸೈಟೊಂದರಲ್ಲಿ ಆರು ಮರಿಗಳು. ಹುಡುಗ ಮೊದಲು ಕೇಳಿದ್ದು ಲಸಿಕೆ ಕಾರ್ಡು. ‘ಇವತ್ತು ದುಡ್ಡು ಬೇಡ ಅಕ್ಕ, ಸುಮ್ನೆ ಕೂತು ನೋಡಿ’ ಅಂದ. ನಾನು ಕಿವಿಗಳನ್ನೇ ನೋಡಿದೆ. ಅವನು ಹತ್ತಿರ ಹೋದರೆ ಮರಿಗಳ ಬಾಲ ಸಡಿಲವಾಗಿ ಆಡುತ್ತಿತ್ತು. ಒಂದು ಮರಿ ಹೆದರಿ ಕಾಲ ಸಂದಿಗೆ ಸೇರಿಕೊಂಡಾಗ ಅವನು ಅದನ್ನು ಎಳೆಯಲಿಲ್ಲ, ದೂರ ಕೂರಿಸಿದ. ‘ಕ್ಲಾಸು ನಿಮಗೆ ಅಕ್ಕ, ರಾಗಿ ಜೊತೆಗೆ ಬರುತ್ತೆ ಅಷ್ಟೆ’ ಅಂದ.

ಕಲಿತದ್ದು ಸರಳ. ಮರಿ ಸರಿಯಾದದ್ದು ಮಾಡಿದ ಕ್ಷಣವೇ ಬೇಯಿಸಿದ ಮೊಟ್ಟೆಯ ಚೂರು ಕೊಡಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಹಾರಿದರೆ ಬೈಯದೆ ಬೆನ್ನು ತಿರುಗಿಸಬೇಕು. ಮಗು ಬಂದಾಗ ಏಟು ತಿಂದ ನಾಯಿ ಹಾರಬಾರದೆಂದು ಕಲಿಯುವುದಕ್ಕಿಂತ, ಮಗು ಬಂದರೆ ನೋವಾಗುತ್ತದೆ ಎಂದು ಕಲಿಯುವ ಅಪಾಯವೇ ಹೆಚ್ಚು. ಐದೈದು ನಿಮಿಷ, ದಿನಕ್ಕೆ ಮೂರು ಸಲ ಅಭ್ಯಾಸ.

ಆಮೇಲೆ ಓದಿಕೊಂಡೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಯಿಮರಿ ಜನರಿಗೆ, ಜಗತ್ತಿಗೆ ಹೊಂದಿಕೊಳ್ಳುವ ಮುಖ್ಯ ಕಾಲ ಸುಮಾರು 3ರಿಂದ 12 ವಾರ. ಮೊದಲ ಲಸಿಕೆಯಾಗಿ ವಾರ ಕಳೆದ ಮೇಲೆ, 7-8 ವಾರದ ಮರಿಯನ್ನೂ ಸ್ವಚ್ಛವಾದ ಕ್ಲಾಸಿಗೆ ಕರೆದೊಯ್ಯಬಹುದು ಎನ್ನುತ್ತಾರೆ ಪ್ರಾಣಿವರ್ತನೆಯ ತಜ್ಞವೈದ್ಯರು. ರಾಗಿಯ ಆ ವಾರಗಳನ್ನು ನಾನು ಪಾರ್ವೊ ಜ್ವರದ ಭಯಕ್ಕೆ ಕೋಣೆಯಲ್ಲೇ ಕಳೆದಿದ್ದೆ. ತಡವಾಗಿತ್ತು, ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ತಿಂಗಳ ಗಡುವು ಮುಗಿದ ದಿನ ಆಂಟಿಯ ಮೊಮ್ಮಗಳು ಅಂಗೈಯಲ್ಲಿ ಮೊಟ್ಟೆಚೂರು ಇಟ್ಟುಕೊಂಡು ‘ಕೂತ್ಕೋ’ ಅಂದಳು. ರಾಗಿ ಕೂತಿತು, ಕಿವಿ ಸಡಿಲ, ಬಾಲದಿಂದ ನೆಲ ಗುಡಿಸುತ್ತಾ. ಆಂಟಿ ಏನೂ ಹೇಳಲಿಲ್ಲ. ಮಾರನೇ ದಿನ ಮುದ್ದೆಯ ತಳ ಹಿಡಿದದ್ದನ್ನು ರಾಗಿಗೆಂದು ಕಳಿಸಿದ್ದರು.

ಆದರೆ ನಾನು ಪೇಪರು ಓದಿ ಮಡಚಿದರೆ ಸಾಕು, ರಾಗಿ ಇವತ್ತಿಗೂ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಆ ಪಾಠ ಯಾವ ಕ್ಲಾಸಿನದೂ ಅಲ್ಲ, ನಾನು ಕಲಿಸಿದ್ದು.